ತಿರುಗಿ ನಿಂತ ಕೆ

ಪಕ್ಕದ ಮನೆಯ ಅಜ್ಜನ ಗ್ಯಾರೇಜಿನಲ್ಲಿ ಒಂದು ಮರದ ಶೆಲ್ಫ್ ಇದೆ. ಅದರ ತುಂಬ ನೋಟ್‌ಬುಕ್. ಪ್ರತಿ ಪುಟದಲ್ಲೂ ಸಣ್ಣ ಸಣ್ಣ ಚೌಕ, ಪ್ರತಿ ಚೌಕದಲ್ಲೂ ಪೆನ್ಸಿಲ್‌ನಲ್ಲಿ ಬರೆದ ಅಂಕಿ, ಅಕ್ಷರ, ಗೆರೆ. ಬೇಸ್‌ಬಾಲ್ ಪಂದ್ಯ ನಡೆಯುವಾಗ ಅಜ್ಜ ರೇಡಿಯೊ ಹಾಕಿಕೊಂಡು ಕೂರುತ್ತಾರೆ. ಒಬ್ಬೊಬ್ಬ ಬ್ಯಾಟರ್ ಬಂದು ಏನು ಮಾಡಿದ ಅನ್ನುವುದನ್ನು ಒಂದೊಂದು ಚೌಕದಲ್ಲಿ ಬರೆಯುತ್ತಾ ಹೋಗುತ್ತಾರೆ. ಸಿಯಾಟಲ್ ಮ್ಯಾರಿನರ್ಸ್ ತಂಡ ಹುಟ್ಟಿದ್ದು 1977ರಲ್ಲಿ. ಮೊದಲ ನೋಟ್‌ಬುಕ್ ಕೂಡ ಅದೇ ವರ್ಷದ್ದು.

ನಾನು ಈ ಊರಿಗೆ ಬಂದಿದ್ದು 2016ರಲ್ಲಿ. ಸಿಯಾಟಲ್‌ನಿಂದ ಸ್ವಲ್ಪ ಉತ್ತರಕ್ಕೆ ಬಾಥೆಲ್ ಅಂತ. ಬಂದ ಮೊದಲ ಬೇಸಿಗೆಯಲ್ಲೇ ಅಜ್ಜ ಗ್ಯಾರೇಜಿಗೆ ಕರೆದು ಕುರ್ಚಿ ಹಾಕಿದರು. ನೋಟ್‌ಬುಕ್ ನೋಡುತ್ತಿದ್ದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಬ್ಯಾಟರ್ ಮೂರು ಸ್ಟ್ರೈಕ್ ಆಗಿ ಔಟಾದರೆ ಚೌಕದಲ್ಲಿ ಇಂಗ್ಲಿಷಿನ ಕೆ ಅಕ್ಷರ ಬರೆಯುತ್ತಾರೆ. ಆದರೆ ಕೆಲವು ಕಡೆ ಆ ಕೆ ಉಲ್ಟಾ ಇತ್ತು. ಕನ್ನಡಿಯಲ್ಲಿ ಕಂಡ ಹಾಗೆ, ಆ ಕಡೆಗೆ ಮುಖ ಮಾಡಿ ನಿಂತಿತ್ತು. ಅವಸರದಲ್ಲಿ ತಪ್ಪಿರಬೇಕು ಅಂದುಕೊಂಡೆ. ಕೇಳಿದೆ.

ಅಜ್ಜ ಹೇಳಿದರು: "ಬ್ಯಾಟ್ ಬೀಸಿ, ಚೆಂಡು ಸಿಗದೆ ಔಟಾದರೆ ನೇರ ಕೆ. ಬ್ಯಾಟ್ ಬೀಸದೆ ಸುಮ್ಮನೆ ನಿಂತಿದ್ದಾಗ ಅಂಪೈರ್ ಸ್ಟ್ರೈಕ್ ಅಂದು ಔಟಾದರೆ ತಿರುಗಿದ ಕೆ."

ಅಂದರೆ ಅಷ್ಟು ದೊಡ್ಡ ಪುಟದಲ್ಲಿ ಅಂಪೈರ್ ಕಾಣಿಸಿಕೊಳ್ಳುವುದು ಆ ತಿರುಗಿದ ಅಕ್ಷರದಲ್ಲಿ. ಆಟಗಾರರ ಹೆಸರಿದೆ, ನಂಬರ್ ಇದೆ, ರನ್ ಇದೆ. ತೀರ್ಪು ಕೊಟ್ಟವರಿಗೆ ಇರುವುದು ಅದೊಂದು ಗುರುತು. ನನಗೆ ಅವತ್ತೇ ಆ ಆಟ ಇಷ್ಟವಾಯಿತು.

ಬೇಸ್‌ಬಾಲ್ ನೋಡದವರಿಗೆ ಒಂದೆರಡು ಮಾತು ಹೇಳಬೇಕು. ಚೆಂಡು ಎಸೆಯುವ ಪಿಚರ್ ನಿಂತ ಜಾಗದಿಂದ ಬ್ಯಾಟರ್ ಪಕ್ಕದ ಪ್ಲೇಟಿಗೆ 60 ಅಡಿ 6 ಇಂಚು. ನಮ್ಮ ಕ್ರಿಕೆಟ್ ಪಿಚ್ 66 ಅಡಿ. ಹೆಚ್ಚು ಕಡಿಮೆ ಅಷ್ಟೇ ದೂರ. ಪ್ಲೇಟಿನ ಅಗಲ 17 ಇಂಚು. ಆ ಪ್ಲೇಟಿನ ಮೇಲೆ, ಬ್ಯಾಟರ್‌ನ ಮೊಣಕಾಲಿನಿಂದ ಹೆಚ್ಚು ಕಡಿಮೆ ಎದೆಯವರೆಗೆ, ಗಾಳಿಯಲ್ಲಿ ಒಂದು ಕಾಣದ ಪೆಟ್ಟಿಗೆ ಇದೆ ಅಂದುಕೊಳ್ಳಿ. ಚೆಂಡು ಅದರೊಳಗೆ ಹಾದರೆ, ಇಲ್ಲಾ ಬ್ಯಾಟ್ ಬೀಸಿ ತಪ್ಪಿದರೆ, ಸ್ಟ್ರೈಕ್. ಬೀಸದೆ ಬಿಟ್ಟ ಚೆಂಡು ಹೊರಗೆ ಹೋದರೆ ಬಾಲ್. ಮೂರು ಸ್ಟ್ರೈಕಿಗೆ ಔಟ್, ನಾಲ್ಕು ಬಾಲಿಗೆ ಬ್ಯಾಟರ್ ಮೊದಲ ಬೇಸಿಗೆ ಆರಾಮಾಗಿ ನಡೆದು ಹೋಗುತ್ತಾನೆ. ಅಲ್ಲಿ ಸ್ಟಂಪ್ ಇಲ್ಲ, ಬೇಲ್ಸ್ ಬೀಳುವುದಿಲ್ಲ. ಕ್ಯಾಚರ್ ಬೆನ್ನ ಹಿಂದೆ ಬಗ್ಗಿ ನಿಂತ ಅಂಪೈರ್ ಕಣ್ಣೇ ಎಲ್ಲ. ಚೆಂಡು ಗಂಟೆಗೆ 95 ಮೈಲಿ ವೇಗದಲ್ಲಿ ಬಂದರೆ ಅವರಿಗೆ ಸಿಗುವುದು ಅರ್ಧ ಸೆಕೆಂಡಿಗಿಂತ ಕಡಿಮೆ. ಒಂದು ತಂಡ ಒಂದು ಸೀಸನ್‌ನಲ್ಲಿ 162 ಪಂದ್ಯ ಆಡುತ್ತದೆ. ಹೆಚ್ಚು ಕಡಿಮೆ ದಿನಾ ಒಂದು.

ಇಷ್ಟು ಸಲ ಇನ್ನೊಬ್ಬರ ಕಣ್ಣನ್ನು ನಂಬಬೇಕಾದ ಆಟ ನಾನು ಬೇರೆ ನೋಡಿಲ್ಲ.

ನಾನು ಬೆಳೆದಿದ್ದು ಅರಸೀಕೆರೆ ಹತ್ತಿರದ ಒಂದು ಹಳ್ಳಿಯಲ್ಲಿ. ಅಪ್ಪ ಪಿ.ಟಿ. ಮೇಷ್ಟ್ರು. ಸುತ್ತಮುತ್ತ ಎಲ್ಲಿ ಕ್ರಿಕೆಟ್ ಪಂದ್ಯ ನಡೆದರೂ ಅಂಪೈರ್ ಆಗಿ ಅವರನ್ನೇ ಕರೆಯುತ್ತಿದ್ದರು. ಬಿಳಿ ಟೋಪಿ ಹಾಕಿಕೊಂಡು, ಜೇಬಿನಲ್ಲಿ ಆರು ಹುಣಸೆಬೀಜ ಇಟ್ಟುಕೊಂಡು ನಿಲ್ಲುತ್ತಿದ್ದರು. ಒಂದು ಚೆಂಡಿಗೆ ಒಂದು ಬೀಜ ಆ ಜೇಬಿನಿಂದ ಈ ಜೇಬಿಗೆ. ಅವರು ಬೆರಳೆತ್ತಿದರೆ ಮುಗಿಯಿತು. ಯಾರೂ ಎದುರು ಮಾತಾಡುತ್ತಿರಲಿಲ್ಲ.

1997ರಲ್ಲಿ ನಾನು ಹತ್ತನೇ ಕ್ಲಾಸು. ಪಕ್ಕದ ಊರಿನ ಶಾಲೆ ಮೇಲೆ ಪಂದ್ಯ. ನಾನು 43 ರನ್ ಹೊಡೆದಿದ್ದೆ. ಅರ್ಧ ಶತಕಕ್ಕೆ ಇನ್ನು 7 ಬೇಕು. ನನ್ನ ಜೀವನದಲ್ಲಿ ಅದೇ ಮೊದಲನೆಯದು ಆಗಬೇಕಿತ್ತು. ಚೆಂಡು ಲೆಗ್ ಸ್ಟಂಪಿನ ಹೊರಗೆ ಬಿದ್ದು ಪ್ಯಾಡಿಗೆ ಬಡಿಯಿತು. ಎಲ್ಲರೂ ಕೂಗಿದರು. ಅಪ್ಪ ಬೆರಳೆತ್ತಿದರು.

ನಾನು ಅಲ್ಲೇ ನಿಂತುಬಿಟ್ಟೆ. ಅವರು ನನ್ನ ಮುಖ ನೋಡಲಿಲ್ಲ. ರಾತ್ರಿ ನಾನು ಊಟ ಮಾಡಲಿಲ್ಲ. ಅಮ್ಮ ಬಂದು, "ಅಲ್ಲಿ ಅವರು ನಿಮ್ಮಪ್ಪ ಅಲ್ಲ ಕಣೋ, ಅಂಪೈರು" ಅಂದರು. ಅಪ್ಪ ಆ ವಿಷಯ ಎತ್ತಲೇ ಇಲ್ಲ. ನಾನೂ ಎತ್ತಲಿಲ್ಲ. ಅರ್ಧ ಶತಕ ಆಮೇಲೂ ನನಗೆ ಬರಲಿಲ್ಲ.

ಆಮೇಲೆ 1999ರ ಫೆಬ್ರವರಿ 7 ಬಂತು. ದೆಹಲಿಯಲ್ಲಿ ಪಾಕಿಸ್ತಾನದ ಎದುರು ಅನಿಲ್ ಕುಂಬ್ಳೆ ಒಂದೇ ಇನಿಂಗ್ಸ್‌ನಲ್ಲಿ 10 ವಿಕೆಟ್ ತೆಗೆದ ದಿನ. ಒಂಬತ್ತು ಆದ ಮೇಲೆ ಇನ್ನೊಂದು ತುದಿಯಿಂದ ನಮ್ಮ ಜಾವಗಲ್ ಶ್ರೀನಾಥ್ ಬೇಕಂತಲೇ ಸ್ಟಂಪಿನಿಂದ ದೂರ ದೂರ ಎಸೆದರು. ಹತ್ತನೆಯದು ಕುಂಬ್ಳೆಗೇ ಸಿಗಲಿ ಅಂತ. ನಾವೆಲ್ಲ ಟಿ.ವಿ. ಮುಂದೆ ಕುಣಿಯುತ್ತಿದ್ದರೆ ಅಪ್ಪ ಮಾತ್ರ ಅಂಪೈರ್ ಕಡೆ ಬೆರಳು ತೋರಿಸಿ, "ಎ.ವಿ. ಜಯಪ್ರಕಾಶ್ ಕೂಡ ನಮ್ಮ ಕರ್ನಾಟಕದವರೇ. ಅವರ ಕೆಲಸ ನೋಡ್ರೋ, ಎಷ್ಟು ಕಷ್ಟದ್ದು" ಅಂದರು. ಆವತ್ತು ಆ ಮಾತು ನನ್ನ ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ.

2008ರ ಜನವರಿಯಲ್ಲಿ ಸಿಡ್ನಿಯ ಟೆಸ್ಟ್. ಕೊನೆಯ ದಿನ ರಾಹುಲ್ ದ್ರಾವಿಡ್ ಅವರನ್ನು ಕ್ಯಾಚ್ ಅಂತ ಔಟ್ ಕೊಟ್ಟರು. ಬ್ಯಾಟು ಪ್ಯಾಡಿನ ಹಿಂದೆ ಇತ್ತು. ಚೆಂಡು ತಾಕಿದ್ದು ಪ್ಯಾಡಿಗೆ. ಅವತ್ತು ಭಾನುವಾರ. ಬೆಂಗಳೂರಿನ ರೂಮಿನಲ್ಲಿ ಐದು ಜನ ಹುಡುಗರು ಇದ್ದೆವು. ಆ ಅಂಪೈರ್‌ಗೆ ನಾನು ಬೈದಷ್ಟು ಯಾರೂ ಬೈಯಲಿಲ್ಲ. ಆ ಸಿಟ್ಟು ದ್ರಾವಿಡ್‌ಗಾಗಿ ಬಂದಿದ್ದು ನಿಜ. ಆದರೆ ಅದರೊಳಗೆ 43ರ ಸಿಟ್ಟೂ ಇತ್ತು. ಈಗ ಅದು ನನಗೆ ಸ್ಪಷ್ಟವಾಗಿ ಕಾಣುತ್ತದೆ.

ಹೀಗೆ ಅಂಪೈರ್‌ಗಳ ಬಗ್ಗೆ ಒಂದು ಗಂಟು ಕಟ್ಟಿಕೊಂಡೇ ನಾನು ಸಿಯಾಟಲ್‌ಗೆ ಬಂದವನು. ಬಂದು ನೋಡಿದರೆ ಇಲ್ಲಿ ಅಭಿಮಾನಿಗಳು ದಿನಾ ಅಂಪೈರ್‌ಗೆ ಬೈಯುತ್ತಾರೆ. ಟಿ.ವಿ.ಯಲ್ಲಿ ಆ ಕಾಣದ ಪೆಟ್ಟಿಗೆಯನ್ನು ಗೆರೆ ಎಳೆದು ತೋರಿಸುತ್ತಾರೆ. ಹಾಗಾಗಿ ತಪ್ಪು ಮನೆಯಲ್ಲಿ ಕೂತವರಿಗೆಲ್ಲ ಕಾಣುತ್ತದೆ, ಪಾಪ, ಅಂಪೈರ್ ಒಬ್ಬರಿಗೆ ಬಿಟ್ಟು. ಅಜ್ಜ ಮಾತ್ರ ರೇಡಿಯೊ ಬಿಟ್ಟು ಟಿ.ವಿ. ಹಾಕುವುದು ಅಪರೂಪ. ಯಾಕೆ ಅಂತ ಕೇಳಿದ್ದಕ್ಕೆ, "ಆ ಗೆರೆ ನನಗೆ ಬೇಡ" ಅಂದಿದ್ದರು.

ಕ್ಯಾಲ್ ರಾಲೀ ಬಗ್ಗೆ ಹೇಳದೆ 2025ರ ಕತೆ ಮುಂದೆ ಹೋಗುವುದಿಲ್ಲ. ಮ್ಯಾರಿನರ್ಸ್ ತಂಡದ ಕ್ಯಾಚರ್. ಕ್ಯಾಚರ್ ಅಂದರೆ ನಮ್ಮ ವಿಕೆಟ್ ಕೀಪರ್ ಇದ್ದ ಹಾಗೆ, ಆದರೆ ಕೆಲಸ ಇನ್ನೂ ಜಾಸ್ತಿ. ಮೂರು ಗಂಟೆ ಕುಕ್ಕರಗಾಲಲ್ಲಿ ಕೂರಬೇಕು. ಪ್ರತಿ ಚೆಂಡನ್ನೂ ಹಿಡಿಯಬೇಕು. ಪಿಚರ್ ಯಾವ ಚೆಂಡು ಎಸೆಯಬೇಕು ಅಂತ ಸೂಚನೆ ಕೊಡಬೇಕು. ಅದರ ಜೊತೆಗೆ ಇನ್ನೊಂದು ಸೂಕ್ಷ್ಮ ಕೆಲಸ ಇದೆ. ಪೆಟ್ಟಿಗೆಯ ಅಂಚಿನಿಂದ ಕೂದಲೆಳೆಯಷ್ಟು ಹೊರಗೆ ಬಂದ ಚೆಂಡನ್ನು ಹಿಡಿಯುವಾಗಲೇ ಮಣಿಕಟ್ಟನ್ನು ಮೆಲ್ಲಗೆ ಒಳಕ್ಕೆ ತರುವುದು. ಅಂಪೈರ್ ಕಣ್ಣಿಗೆ ಅದು ಸ್ಟ್ರೈಕ್ ಹಾಗೆ ಕಾಣುತ್ತದೆ. ಇದಕ್ಕೆ ಫ್ರೇಮಿಂಗ್ ಅಂತಾರೆ. ರಾಲೀ ಇದರಲ್ಲಿ ಪಳಗಿದವರು. 2024ರಲ್ಲಿ ಕ್ಷೇತ್ರರಕ್ಷಣೆಗೆ ಕೊಡುವ ಪ್ಲಾಟಿನಂ ಗ್ಲೋವ್ ಕೂಡ ಅವರಿಗೇ ಬಂತು.

ಇದು ಮೋಸ ಅಲ್ವಾ ಅಂತ ನಾನು ಅಜ್ಜನನ್ನು ಕೇಳಿದ್ದೆ. ಅವರು ತುಂಬಾ ಹೊತ್ತು ಯೋಚಿಸಿ, "ಅಂಪೈರ್ ಮನುಷ್ಯ ಅಂತ ಗೊತ್ತಿರೋದ್ರಿಂದ ಹುಟ್ಟಿದ ಕಲೆ ಅದು" ಅಂದರು.

ಈ ಊರಿನವರು ರಾಲೀಯನ್ನು ಪ್ರೀತಿಸುವುದಕ್ಕೆ ಹಳೆಯ ಕಾರಣವೂ ಇದೆ. ಮ್ಯಾರಿನರ್ಸ್ 2001ರಲ್ಲಿ 116 ಪಂದ್ಯ ಗೆದ್ದಿದ್ದರು. ಆಮೇಲೆ 21 ವರ್ಷ ಪ್ಲೇಆಫ್ ಮುಖ ನೋಡಲಿಲ್ಲ. 2022ರ ಸೆಪ್ಟೆಂಬರ್ 30ರ ರಾತ್ರಿ, ಓಕ್ಲಂಡ್ ಎದುರು ಕೊನೆಯ, ಅಂದರೆ ಒಂಬತ್ತನೇ ಇನಿಂಗ್ಸ್, ಎರಡು ಔಟ್ ಆಗಿದೆ, ಸ್ಕೋರ್ ಸಮ. ಬದಲಿ ಬ್ಯಾಟರ್ ಆಗಿ ಬಂದ ರಾಲೀ ಹೋಮ್ ರನ್ ಹೊಡೆದರು, ನಮ್ಮ ಸಿಕ್ಸರ್ ಹಾಗೆ ಚೆಂಡು ಗೋಡೆಯಾಚೆ. ತಂಡ ಪ್ಲೇಆಫ್ ಸೇರಿತು. ಗ್ಯಾರೇಜಿನಲ್ಲಿ ಅಜ್ಜ ಪೆನ್ಸಿಲ್ ಕೆಳಗಿಟ್ಟು ಅತ್ತಿದ್ದನ್ನು ನಾನು ನೋಡಿದೆ. ಆ ಚೌಕವನ್ನು ಅವರು ತುಂಬಿಸಿದ್ದು ಮಾರನೇ ದಿನ.

2025ರಲ್ಲಿ ಅದೇ ರಾಲೀ ಏಪ್ರಿಲ್‌ನಿಂದಲೇ ಹೋಮ್ ರನ್ ಹೊಡೆಯುತ್ತಾ ಹೋದರು. ಜುಲೈ 14ರಂದು ಅಟ್ಲಾಂಟಾದಲ್ಲಿ ಹೋಮ್ ರನ್ ಡರ್ಬಿ ಅನ್ನುವ ಹೋಮ್ ರನ್ ಸ್ಪರ್ಧೆ ಗೆದ್ದರು. ಅದರಲ್ಲಿ ಚೆಂಡು ಎಸೆದುಕೊಟ್ಟಿದ್ದು ಅವರ ಅಪ್ಪ. ಹಿಂದೆ ಕೂತು ಹಿಡಿದಿದ್ದು 15 ವರ್ಷದ ತಮ್ಮ. ಆ ಅಪ್ಪನ ಮುಖ ನೋಡುತ್ತಾ ನನಗೆ ನಮ್ಮಪ್ಪ ನೆನಪಾದರು. ಸಂಜೆ ಹೊತ್ತು ಶಾಲೆ ಮೈದಾನದಲ್ಲಿ ಅವರು ಎಸೆಯುತ್ತಿದ್ದರು, ನಾನು ಹೊಡೆಯುತ್ತಿದ್ದೆ. ಚೆಂಡು ಕಾಣದಷ್ಟು ಕತ್ತಲಾಗುವವರೆಗೆ.

ಮಾರನೇ ದಿನ, ಬೇರೆ ಬೇರೆ ತಂಡಗಳ ಆಯ್ದ ಆಟಗಾರರು ಆಡುವ ಆಲ್ ಸ್ಟಾರ್ ಪಂದ್ಯ. ಅದೊಂದು ದಿನ ಅಜ್ಜ ನಮ್ಮ ಮನೆಗೆ ಬಂದು ಟಿ.ವಿ. ಮುಂದೆ ಕೂತಿದ್ದರು, ನೋಟ್‌ಬುಕ್ ಸಮೇತ. ಆ ಪಂದ್ಯದಲ್ಲಿ ಹೊಸ ಪದ್ಧತಿಯೊಂದನ್ನು ಪ್ರಯೋಗ ಮಾಡುತ್ತಿದ್ದರು. ಅಂಪೈರ್ ತೀರ್ಪು ಸರಿಯಿಲ್ಲ ಅನ್ನಿಸಿದರೆ ಪಿಚರ್, ಕ್ಯಾಚರ್ ಅಥವಾ ಬ್ಯಾಟರ್ ತಲೆ ಮೇಲೆ ಕೈ ತಟ್ಟಬಹುದು. ಆಗ ಕ್ಯಾಮೆರಾಗಳ ಲೆಕ್ಕ ನೋಡಿ ಯಂತ್ರ ಹೇಳುತ್ತದೆ. ಮೊದಲ ಇನಿಂಗ್ಸ್. ತಾರಿಕ್ ಸ್ಕೂಬಲ್ ಎಸೆದ ಚೆಂಡು, ಮ್ಯಾನಿ ಮಚಾಡೊ ಬ್ಯಾಟ್ ಬೀಸಲಿಲ್ಲ. ಅಂಪೈರ್ ಬಾಲ್ ಅಂದರು. ಕ್ಯಾಚರ್ ತಲೆ ಮೇಲೆ ಕೈ ತಟ್ಟಿದರು. ಆ ಕ್ಯಾಚರ್ ಬೇರಾರೂ ಅಲ್ಲ, ನಮ್ಮ ರಾಲೀ. ಯಂತ್ರ ಸ್ಟ್ರೈಕ್ ಅಂದಿತು, ಮೂರನೆಯದು. ಮಚಾಡೊ ಔಟ್.

ಮಗಳು ಚಪ್ಪಾಳೆ ತಟ್ಟಿದಳು. ಅಜ್ಜನ ಪೆನ್ಸಿಲ್ ಮಾತ್ರ ಗಾಳಿಯಲ್ಲೇ ನಿಂತಿತ್ತು. ಬ್ಯಾಟ್ ಬೀಸಿಲ್ಲ, ಹಾಗಾಗಿ ನೇರ ಕೆ ಅಲ್ಲ. ಅಂಪೈರ್ ಸ್ಟ್ರೈಕ್ ಅನ್ನಲಿಲ್ಲ, ಹಾಗಾಗಿ ತಿರುಗಿದ ಕೆ ಅಂತಲೂ ಅವರ ಮನಸ್ಸು ಒಪ್ಪಲಿಲ್ಲ. ಸ್ವಲ್ಪ ಹೊತ್ತು ನೋಡಿ, ಆ ಚೌಕವನ್ನು ಖಾಲಿ ಬಿಟ್ಟು ಮುಂದಿನದಕ್ಕೆ ಹೋದರು.

ಪಂದ್ಯ ಮುಗಿದ ಮೇಲೆ ಅವರು ಒಂದು ಕತೆ ಹೇಳಿದರು. ಬೇಸ್‌ಬಾಲ್ ನೋಡುವವರಿಗೆಲ್ಲ ಗೊತ್ತಿರುವ ಕತೆ. ನನಗೆ ಅವತ್ತೇ ಮೊದಲು.

2010ರ ಜೂನ್ 2, ಡೆಟ್ರಾಯಿಟ್. ಟೈಗರ್ಸ್ ತಂಡದ ಪಿಚರ್ ಅರ್ಮಾಂಡೊ ಗಲರಾಗ. ಎದುರು ಕ್ಲೀವ್‌ಲ್ಯಾಂಡ್. ಬಂದ 26 ಬ್ಯಾಟರ್‌ಗಳನ್ನೂ ಔಟ್ ಮಾಡಿದ್ದರು. ಒಬ್ಬನೂ ಮೊದಲ ಬೇಸ್ ಮುಟ್ಟಿಲ್ಲ. ಇನ್ನೊಬ್ಬನನ್ನು ಔಟ್ ಮಾಡಿದರೆ ಪರ್ಫೆಕ್ಟ್ ಗೇಮ್. ನೂರು ವರ್ಷಕ್ಕೂ ಮೀರಿದ ಇತಿಹಾಸದಲ್ಲಿ ಅದುವರೆಗೆ ಆಗಿದ್ದು 20 ಸಲ ಮಾತ್ರ. 27ನೇ ಬ್ಯಾಟರ್ ಜೇಸನ್ ಡೊನಾಲ್ಡ್ ಚೆಂಡನ್ನು ನೆಲಕ್ಕೆ ತಳ್ಳಿ ಓಡಿದ. ಮಿಗೆಲ್ ಕಬ್ರೆರಾ ಹಿಡಿದು ಎಸೆದ. ಗಲರಾಗ ತಾನೇ ಓಡಿ ಬಂದು ಚೆಂಡು ಹಿಡಿದು ಬೇಸ್ ಮುಟ್ಟಿದ. ಓಟಗಾರ ಒಂದು ಹೆಜ್ಜೆ ಹಿಂದಿದ್ದ. ಅಂಪೈರ್ ಜಿಮ್ ಜಾಯ್ಸ್ ಎರಡೂ ಕೈ ಅಗಲಿಸಿದರು. ಸೇಫ್, ಅಂದರೆ ನಾಟೌಟ್.

ಗಲರಾಗ ಕೂಗಾಡಲಿಲ್ಲ. ಒಂದು ನಗು ನಕ್ಕು, ಹಿಂದೆ ಹೋಗಿ, ಮುಂದಿನ ಬ್ಯಾಟರ್‌ನನ್ನು ಔಟ್ ಮಾಡಿ ಪಂದ್ಯ ಮುಗಿಸಿದ. ಜಾಯ್ಸ್ ಒಳಗೆ ಹೋಗಿ ರೀಪ್ಲೇ ನೋಡಿದರು. ತಪ್ಪು ತನ್ನದೇ ಅಂತ ಎಲ್ಲರ ಮುಂದೆ ಒಪ್ಪಿಕೊಂಡರು. ಗಲರಾಗನನ್ನು ಕಂಡು, ಅತ್ತು, ಕ್ಷಮೆ ಕೇಳಿದರು. ಮಾರನೇ ದಿನ ಪ್ಲೇಟ್ ಹಿಂದೆ ನಿಲ್ಲುವ ಸರದಿ ಅವರದೇ. ಪಂದ್ಯಕ್ಕೆ ಮುಂಚೆ ತಂಡದ ಪಟ್ಟಿಯನ್ನು ಅಂಪೈರ್ ಕೈಗೆ ಕೊಡಬೇಕು. ಅವತ್ತು ಅದನ್ನು ತಂದುಕೊಟ್ಟಿದ್ದು ಗಲರಾಗ. ಜಾಯ್ಸ್ ಕಣ್ಣೊರೆಸಿಕೊಂಡರು. ಡೆಟ್ರಾಯಿಟ್ ಜನ ಚಪ್ಪಾಳೆ ತಟ್ಟಿದರು. ತೀರ್ಪು ಮಾತ್ರ ಬದಲಾಗಲಿಲ್ಲ. ದಾಖಲೆಯಲ್ಲಿ ಅದು ಇವತ್ತಿಗೂ ಒಂದು ಹಿಟ್ ಕೊಟ್ಟ ಪಂದ್ಯ. ಇಂಥ ತೀರ್ಪುಗಳನ್ನು ರೀಪ್ಲೇ ನೋಡಿ ತಿದ್ದುವ ನಿಯಮ ಬಂದಿದ್ದು 2014ರಲ್ಲಿ.

ಆ ರಾತ್ರಿಯೇ ಊರಿಗೆ ಫೋನ್ ಮಾಡಿದೆ. ಅಲ್ಲಿ ಬೆಳಿಗ್ಗೆ ತಿಂಡಿ ಹೊತ್ತು. ಅಪ್ಪನಿಗೆ ಈ ಕತೆಯನ್ನು ಪೂರ್ತಿ ಹೇಳಿದೆ. ಅವರು ನಡುವೆ ಮಾತಾಡಲಿಲ್ಲ. ಲೈನ್ ಕಟ್ಟಾಯಿತೇನೋ ಅಂದುಕೊಂಡೆ.

"ಅಪ್ಪ, ಕೇಳಿಸ್ತಿದೆಯಾ?"

"ಕೇಳಿಸ್ತಿದೆ ಕಣಪ್ಪ." ಮತ್ತೆ ಸುಮ್ಮನಾದರು. ಆಮೇಲೆ, "ಅವತ್ತು ನಿಂದು ನಾಟೌಟು. ಬೆರಳು ಎತ್ತಿದ ಕೂಡ್ಲೇ ಗೊತ್ತಾಯ್ತು. ಮಗ ಅಂತ ಬಿಟ್ಟ ಅಂದಾರು ಅನ್ನೋ ಹೆದರಿಕೆ ಇತ್ತು ನಂಗೆ. ಇಳಿಸೋಕೆ ಆಗ್ಲಿಲ್ಲ."

28 ವರ್ಷ. ಅವರು ಪ್ರತಿ ಸಲ ಕ್ರಿಕೆಟ್ ನೋಡುವಾಗಲೂ ಅದನ್ನು ಇಟ್ಟುಕೊಂಡೇ ನೋಡಿದ್ದರು. ನಾನು ಇಟ್ಟುಕೊಂಡ ಹಾಗೆಯೇ. ನನಗೆ ಏನು ಹೇಳಬೇಕು ಅಂತ ತಿಳಿಯಲಿಲ್ಲ. "ಬಿಡಿ ಅಪ್ಪ, ಇನ್ನೂ ಏಳು ರನ್ ಬೇಕಿತ್ತು" ಅಂದೆ. ಅವರ ಉಸಿರು ಫೋನಿನಲ್ಲಿ ಕೇಳುತ್ತಿತ್ತು.

ಅವತ್ತಿನಿಂದ ಅಪ್ಪ ಮ್ಯಾರಿನರ್ಸ್ ಅಭಿಮಾನಿ. ದಿನಾ ಬೆಳಿಗ್ಗೆ ಫೋನ್. "ಆ ಕೀಪರ್ ಹುಡುಗ ಎಷ್ಟು ಹೊಡೆದ?" ಕ್ಯಾಚರ್ ಅಂತ ಹತ್ತು ಸಲ ಹೇಳಿದರೂ ಅವರಿಗೆ ರಾಲೀ ಕೀಪರ್ ಹುಡುಗನೇ.

ಆಗಸ್ಟ್ 9ರಂದು ಮ್ಯಾರಿನರ್ಸ್‌ನ ಹಳೆಯ ಆಟಗಾರ ಇಚಿರೊ ಸುಝುಕಿ ಅವರ 51ನೇ ನಂಬರನ್ನು ಸಿಯಾಟಲ್‌ನಲ್ಲಿ ಶಾಶ್ವತವಾಗಿ ಎತ್ತಿಟ್ಟರು. ಇನ್ನು ಆ ತಂಡದಲ್ಲಿ ಯಾರೂ ಅದನ್ನು ಹಾಕುವಂತಿಲ್ಲ. ಎರಡು ವಾರ ಮುಂಚೆ ಅವರು ಹಾಲ್ ಆಫ್ ಫೇಮ್ ಸೇರಿದ್ದರು, 394ರಲ್ಲಿ 393 ಮತ ಪಡೆದು. ಅದೇ ಆಗಸ್ಟ್ 9ರಂದು ಅಟ್ಲಾಂಟಾದಲ್ಲಿ ಜೆನ್ ಪಾವೊಲ್ ಮೇಜರ್ ಲೀಗ್ ಪಂದ್ಯಕ್ಕೆ ಅಂಪೈರ್ ಆಗಿ ಇಳಿದರು. ಮಹಿಳೆಯೊಬ್ಬರು ಆ ಜಾಗದಲ್ಲಿ ನಿಂತಿದ್ದು ಅದೇ ಮೊದಲು. ನನ್ನ ಹತ್ತು ವರ್ಷದ ಮಗಳಿಗೆ ಇಚಿರೊ ಗೊತ್ತಿಲ್ಲ. ಪಾವೊಲ್ ಅವರ ಫೋಟೊವನ್ನು ಮಾತ್ರ ಫ್ರಿಜ್ ಮೇಲೆ ಅಂಟಿಸಿಕೊಂಡಳು. ತಾತನಿಗೆ ವಿಡಿಯೊ ಕಾಲ್ ಮಾಡಿ ತೋರಿಸಿದಳು.

ಸೆಪ್ಟೆಂಬರ್ ಶುರುವಿನಲ್ಲಿ ತಂಡ ಸೋಲುತ್ತಾ ಬಂತು. ಒಬ್ಬ ಅಭಿಮಾನಿ ಎಟ್ಸಿ ಅನ್ನುವ ಆನ್‌ಲೈನ್ ಅಂಗಡಿಯಲ್ಲಿ ಮಾಟಗಾತಿಯೊಬ್ಬಳಿಗೆ ದುಡ್ಡು ಕೊಟ್ಟು, ತಂಡಕ್ಕೆ ಹಿಡಿದ ಗ್ರಹಚಾರ ಬಿಡಿಸಲು ಮಂತ್ರ ಹಾಕಿಸಿದ. ಆಮೇಲೆ ಮ್ಯಾರಿನರ್ಸ್ ಸತತ 10 ಪಂದ್ಯ ಗೆದ್ದರು. ಊರಿಗೂರೇ ಆ ಮಾಟಗಾತಿಯ ಹೆಸರು ಹೇಳಿ ಟೀ ಶರ್ಟ್ ಹಾಕಿಕೊಂಡಿತು. ನನ್ನ ಹೆಂಡತಿ, "ಹರಕೆ ಅಂದ್ರೆ ಇದೇ ತಾನೇ" ಅಂದಳು. ನಿಜ ಅನ್ನಿಸಿತು. ಮನಸ್ಸು ಇಟ್ಟಿದ್ದು ಕೈ ತಪ್ಪುತ್ತಿದೆ ಅನ್ನಿಸಿದಾಗ ಎಲ್ಲ ಊರಿನ ಜನರೂ ಒಂದೇ ಥರ.

ಒಂದು ಸೀಸನ್‌ನ ಹೋಮ್ ರನ್‌ಗಳಲ್ಲಿ ರಾಲೀ ಒಂದೊಂದೇ ಹಳೆಯ ದಾಖಲೆ ದಾಟುತ್ತಿದ್ದರು. ಕ್ಯಾಚರ್‌ಗಳಲ್ಲಿ ಸಾಲ್ವಡಾರ್ ಪೆರೆಸ್ ಅವರ 48. ಎಡಗೈ, ಬಲಗೈ ಎರಡೂ ಥರ ಬ್ಯಾಟ್ ಮಾಡುವವರಲ್ಲಿ ಮಿಕಿ ಮ್ಯಾಂಟಲ್ 1961ರಲ್ಲಿ ಹೊಡೆದ 54. ಮ್ಯಾರಿನರ್ಸ್ ತಂಡದಲ್ಲೇ ಕೆನ್ ಗ್ರಿಫಿ ಜೂನಿಯರ್ ಎರಡು ಸಲ ಮುಟ್ಟಿದ್ದ 56. ಸೆಪ್ಟೆಂಬರ್ 24ರಂದು ಕೊಲರಾಡೊ ಎದುರು ಮೊದಲ ಇನಿಂಗ್ಸ್‌ನಲ್ಲಿ 59, ಎಂಟನೆಯದರಲ್ಲಿ 60. ಮೇಜರ್ ಲೀಗ್‌ನಲ್ಲಿ ಅದುವರೆಗೆ ಆರು ಜನ ಮಾತ್ರ ಮುಟ್ಟಿದ್ದ ಸಂಖ್ಯೆ. ಅದೇ ರಾತ್ರಿ ತಂಡ ತನ್ನ ವಿಭಾಗವನ್ನೂ ಗೆದ್ದಿತು, 2001ರ ನಂತರ ಮೊದಲ ಸಲ. ನಮ್ಮ ಮನೆಯಲ್ಲಿ ನವರಾತ್ರಿಯ ಗೊಂಬೆ ಕೂರಿಸಿದ್ದೆವು. ಅಜ್ಜ ಗೊಂಬೆ ನೋಡಲು ಬಂದವರು ಪಂದ್ಯ ಮುಗಿಯುವವರೆಗೆ ಕೂತರು. ಮಗಳು ಪಟ್ಟದ ಗೊಂಬೆಗಳ ಪಕ್ಕ ರಾಲೀಯ ಚಿಕ್ಕ ಪ್ಲಾಸ್ಟಿಕ್ ಗೊಂಬೆ ಇಟ್ಟಿದ್ದಳು. ಹೆಂಡತಿ ಅದಕ್ಕೂ ಕುಂಕುಮ ಇಟ್ಟಳು.

ಅಕ್ಟೋಬರ್ 10ರ ಪಂದ್ಯ ನೋಡಿದ್ದು ಮೈದಾನದಲ್ಲೇ. ಡೆಟ್ರಾಯಿಟ್ ಮೇಲೆ ಸರಣಿಯ ಐದನೇ ಪಂದ್ಯ, ಸೋತವರು ಮನೆಗೆ. ಡೆಟ್ರಾಯಿಟ್‌ನ ಪಿಚರ್ ಅದೇ ಸ್ಕೂಬಲ್. ಆರು ಇನಿಂಗ್ಸ್‌ನಲ್ಲಿ 13 ಜನರನ್ನು ಸ್ಟ್ರೈಕ್ ಔಟ್ ಮಾಡಿದರು, ಅದರಲ್ಲಿ 7 ಸತತ. ನಮಗೆಲ್ಲ ಉಸಿರು ಸಿಕ್ಕಿಹಾಕಿಕೊಂಡಿತ್ತು. ಏಳನೆಯದರಲ್ಲಿ ಲಿಯೊ ರಿವಾಸ್ ಬಂದು ಸ್ಕೋರ್ ಸಮ ಮಾಡಿದರು. ಅವತ್ತು ಅವರ ಹುಟ್ಟಿದ ದಿನ. ಆಮೇಲೆ ಹತ್ತು, ಹನ್ನೊಂದು, ಹನ್ನೆರಡು ಅಂತ ಮುಗಿಯಲೇ ಇಲ್ಲ. ಗೊತ್ತಿಲ್ಲದವರ ಕೈ ಹಿಡಿದುಕೊಂಡು ನಿಂತಿದ್ದೆವು. 15ನೇ ಇನಿಂಗ್ಸ್‌ನಲ್ಲಿ ಹೊರ್ಹೆ ಪೊಲಾಂಕೊ ಹೊಡೆದ ಚೆಂಡು ಬಲಗಡೆಗೆ ನುಗ್ಗಿತು. 3-2. ಪಂದ್ಯ ನಡೆದಿದ್ದು 4 ಗಂಟೆ 58 ನಿಮಿಷ. ಲೈಟ್ ರೈಲಿನಲ್ಲಿ ವಾಪಸ್ ಬರುವಾಗ ಇಡೀ ಬೋಗಿ ಹಾಡುತ್ತಿತ್ತು. ಅಂಪೈರ್‌ನ ಯಾರೂ ನೆನೆಸಿಕೊಳ್ಳಲಿಲ್ಲ.

ಮುಂದೆ ಟೊರಾಂಟೊ. ಇನ್ನು ಒಂದು ಸರಣಿ ಗೆದ್ದರೆ ವರ್ಲ್ಡ್ ಸೀರೀಸ್, ಅಂದರೆ ಫೈನಲ್. ಮೇಜರ್ ಲೀಗ್‌ನ 30 ತಂಡಗಳಲ್ಲಿ ಅಲ್ಲಿಗೆ ಒಮ್ಮೆಯೂ ಹೋಗದ ತಂಡ ಮ್ಯಾರಿನರ್ಸ್ ಒಂದೇ. ಸರಣಿ ಏಳನೇ ಪಂದ್ಯಕ್ಕೆ ಹೋಯಿತು. ಅಕ್ಟೋಬರ್ 20, ನರಕ ಚತುರ್ದಶಿ.

ಸಂಜೆ ಬಾಗಿಲಲ್ಲಿ ದೀಪ ಹಚ್ಚಿ, ಎರಡು ದೀಪ ತಟ್ಟೆಯಲ್ಲಿಟ್ಟುಕೊಂಡು ಅಜ್ಜನ ಗ್ಯಾರೇಜಿಗೆ ಹೋದೆವು. ಅವರು ಶೆಲ್ಫ್ ಮೇಲೆ ಜಾಗ ಮಾಡಿಕೊಟ್ಟರು. ಮೊದಲ ಇನಿಂಗ್ಸ್‌ನಲ್ಲೇ ಒಂದು ರನ್ ಬಂತು. ಆಮೇಲೆ ಜೋಶ್ ನೇಲರ್ ಎರಡನೇ ಬೇಸಿಗೆ ಓಡುವಾಗ, ಮೊದಲ ಬೇಸಿಗೆ ಎಸೆದ ಚೆಂಡು ಅವರ ಹೆಲ್ಮೆಟ್‌ಗೆ ಬಡಿಯಿತು. ಅಂಪೈರ್‌ಗಳು ಸೇರಿ ಮಾತಾಡಿ, ನೇಲರ್ ಅಡ್ಡಿ ಮಾಡಿದ್ದಾರೆ ಅಂತ ಇನ್ನೊಬ್ಬ ಬ್ಯಾಟರ್‌ನನ್ನೂ ಔಟ್ ಕೊಟ್ಟರು. ನನಗೆ ಹಳೆಯ ಸಿಟ್ಟು ಒದ್ದುಕೊಂಡು ಬಂತು. ಫೋನ್ ತೆಗೆದು ರೀಪ್ಲೇ ನೋಡಿದೆ. ತೀರ್ಪು ಸರಿಯಾಗಿತ್ತು.

ಮೂರನೆಯದರಲ್ಲಿ ಹೂಲಿಯೊ ರೊಡ್ರಿಗೇಸ್ ಹೋಮ್ ರನ್. ಐದನೆಯದರಲ್ಲಿ ರಾಲೀ ಹೋಮ್ ರನ್. 3-1. ಇನ್ನು ಎಂಟು ಔಟ್ ಬೇಕು ಅನ್ನುವಾಗ, ಏಳನೇ ಇನಿಂಗ್ಸ್‌ನಲ್ಲಿ, ಟೊರಾಂಟೊದ ಇಬ್ಬರು ಬೇಸ್ ಮೇಲಿದ್ದಾರೆ, ಜಾರ್ಜ್ ಸ್ಪ್ರಿಂಗರ್ ಹೊಡೆದರು. ಎಡಗಡೆ ಗೋಡೆಯಾಚೆ. ರೇಡಿಯೊದಲ್ಲಿ ಜನರ ಕೂಗು ಕೇಳಿದಾಗಲೇ ತಿಳಿಯಿತು. 3-4.

ಒಂಬತ್ತನೇ ಇನಿಂಗ್ಸ್, ಎರಡು ಔಟ್. ರೊಡ್ರಿಗೇಸ್ ಬ್ಯಾಟ್ ಹಿಡಿದಿದ್ದಾರೆ. ಅವರ ನಂತರದ ಸರದಿ ರಾಲೀದು. ರೊಡ್ರಿಗೇಸ್ ಹೇಗಾದರೂ ಬೇಸ್ ಮುಟ್ಟಿದ್ದರೆ ಸಾಕಿತ್ತು. ಕೊನೆಯ ಚೆಂಡಿಗೆ ರೊಡ್ರಿಗೇಸ್ ಬ್ಯಾಟ್ ಬೀಸಿದರು. ಸಿಗಲಿಲ್ಲ.

ಅಜ್ಜ ಪೆನ್ಸಿಲ್ ಎತ್ತಿ, ನಿಧಾನಕ್ಕೆ, ನೇರ ಕೆ ಬರೆದರು.

ಬೈಯುವುದಕ್ಕೆ ಯಾರೂ ಇರಲಿಲ್ಲ. ಕೊನೆಯ ಹೊತ್ತಿನ ಮುಖ್ಯ ಪಿಚರ್ ಅಂದ್ರೆಸ್ ಮುನ್ಯೋಸ್‌ರನ್ನು ಸ್ಪ್ರಿಂಗರ್ ಎದುರು ಕರೆಯಬೇಕಿತ್ತು ಅಂತ ಊರೆಲ್ಲ ವಾರಗಟ್ಟಲೆ ಮ್ಯಾನೇಜರ್ ಮೇಲೆ ಸಿಟ್ಟಾಗಿತ್ತು. ನನಗೂ ಹಾಗೇ ಅನ್ನಿಸುತ್ತದೆ. ಆದರೂ ಅದು ಬೇರೆ ಥರದ ಸಿಟ್ಟು. ಅಂಪೈರ್ ಮೇಲಿನ ಸಿಟ್ಟಿನಲ್ಲಿ ಒಂದು ಸಮಾಧಾನ ಇರುತ್ತದೆ: ನಾವು ಸೋತಿಲ್ಲ, ನಮ್ಮನ್ನು ಸೋಲಿಸಿದರು ಅಂತ. ಅವತ್ತು ಅದು ಸಿಗಲಿಲ್ಲ. ಆಮೇಲೆ ಟಿ.ವಿ.ಯಲ್ಲಿ ಮಾತಾಡಿದ ರಾಲೀ ಕಣ್ಣಲ್ಲಿ ನೀರಿತ್ತು. ಗ್ಯಾರೇಜಿನಲ್ಲಿ ದೀಪ ಆರುವವರೆಗೆ ನಾವು ಮಾತಿಲ್ಲದೆ ಕೂತಿದ್ದೆವು. ಮನೆಗೆ ಬಂದು ಅಪ್ಪನಿಗೆ ಫೋನ್ ಮಾಡಿದೆ. "ಹಬ್ಬದ ದಿನ ಬೇಜಾರು ಮಾಡ್ಕೋಬೇಡ. ಎಣ್ಣೆ ಸ್ನಾನ ಮಾಡಿದ್ಯಾ?" ಅಂದರು.

ನವೆಂಬರ್‌ನಲ್ಲಿ ವರ್ಷದ ಆಟಗಾರ ಪ್ರಶಸ್ತಿ ನ್ಯೂಯಾರ್ಕ್‌ನ ಆರನ್ ಜಡ್ಜ್ ಅವರಿಗೆ ಹೋಯಿತು. ಮೊದಲ ಸ್ಥಾನದ 17 ಮತ ಅವರಿಗೆ, 13 ರಾಲೀಗೆ. ಅಪ್ಪನಿಗೆ ಇದು ಇವತ್ತಿಗೂ ಒಪ್ಪಿಗೆ ಇಲ್ಲ. ಕೀಪಿಂಗ್ ಮಾಡುತ್ತಾ 60 ಹೊಡೆಯುವುದು ಅಂದರೆ ಏನು ಅಂತ ಮತ ಹಾಕಿದವರು ಒಂದು ದಿನ ಕುಕ್ಕರಗಾಲಲ್ಲಿ ಕೂತು ನೋಡಬೇಕಿತ್ತು ಅನ್ನುತ್ತಾರೆ. ನಾನು ಅಪ್ಪನ ಪಕ್ಷ.

2026ರಿಂದ ಆ ಯಂತ್ರದ ಪದ್ಧತಿ ಸೀಸನ್ ಪಂದ್ಯಗಳಿಗೂ. ಪಂದ್ಯ ಶುರುವಾಗುವಾಗ ಒಂದು ತಂಡಕ್ಕೆ ಎರಡು ಅವಕಾಶ. ಕೇಳಿದ್ದು ಸರಿಯಾದರೆ ಅವಕಾಶ ಉಳಿಯುತ್ತದೆ, ತಪ್ಪಾದರೆ ಹೋಯಿತು. ಪ್ರತಿ ಆಟಗಾರನ ಎತ್ತರ ಅಳೆದು, ಅದರ 27 ಶೇಕಡದಿಂದ 53.5 ಶೇಕಡದವರೆಗೆ ಅಂತ ಪೆಟ್ಟಿಗೆಯನ್ನು ಗೊತ್ತು ಮಾಡಿದ್ದಾರೆ. ಮಿಕ್ಕ ಚೆಂಡುಗಳಿಗೆಲ್ಲ ಅಂಪೈರೇ. ನನಗೆ ಇದು ಸರಿ ಅನ್ನಿಸುತ್ತದೆ. 43ರಲ್ಲಿ ನಿಂತ ಹುಡುಗನಿಗೆ ತಲೆ ಮೇಲೆ ಕೈ ತಟ್ಟಲು ಒಂದು ಅವಕಾಶ ಇರಬೇಕಿತ್ತು. ಬೆರಳೆತ್ತಿದ ಅಪ್ಪನಿಗೂ ಅದನ್ನು ಇಳಿಸಲು ಒಂದು ದಾರಿ ಇರಬೇಕಿತ್ತು.

ಫೆಬ್ರವರಿಯಲ್ಲಿ ಅರಿಜೋನಾದಲ್ಲಿ ಅಭ್ಯಾಸ ಶುರುವಾದಾಗ ಅಜ್ಜ ನನ್ನನ್ನು ಕರೆದರು. ಜುಲೈ 15ರ ಪುಟ ತೆಗೆದು ಮುಂದಿಟ್ಟರು. ಮಚಾಡೊನ ಚೌಕ ಹಾಗೇ ಖಾಲಿ ಇತ್ತು.

"ಇದಕ್ಕೊಂದು ಗುರುತು ಬೇಕು. ಈ ವರ್ಷ ದಿನಾ ಬೇಕಾಗುತ್ತೆ" ಅಂದರು.

ನಮ್ಮ ಭಾಷೆಯಲ್ಲಿ ಮೆಷಿನ್‌ಗೆ ಯಂತ್ರ ಅನ್ನುತ್ತಾರೆ ಅಂದೆ. ಅದರ ಮೊದಲ ಅಕ್ಷರ ಬರೆದು ತೋರಿಸು ಅಂದರು. ಪೇಪರ್ ಅಂಚಿನಲ್ಲಿ ಯ ಬರೆದೆ. ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು. ಮೊದಲ ಸಲ ಬರೆದಾಗ ಸುರುಳಿ ಉಲ್ಟಾ ಬಂತು. ಎರಡನೇ ಸಲ ಕೊನೆಯ ಕೊಂಡಿ ಮರೆತರು. ಆರೇಳು ಸಲ ಬರೆದ ಮೇಲೆ ಕೈಗೆ ಹತ್ತಿತು. ಆಮೇಲೆ ಚೌಕದಲ್ಲಿ ತಿರುಗಿದ ಕೆ ಬರೆದು, ಅದರ ಕೆಳಗೆ ಸಣ್ಣದಾಗಿ ಯ ಬರೆದರು.

ಫೋಟೊ ತೆಗೆದು ಅಪ್ಪನಿಗೆ ಕಳಿಸಿದೆ. ಅವರು ಅದನ್ನು ದೊಡ್ಡದು ಮಾಡಿ ನೋಡಿ ತಕ್ಷಣ ಫೋನ್ ಮಾಡಿದರು.

"ಅಕ್ಷರ ಚೆನ್ನಾಗಿದೆ ಅಂತ ಅವರಿಗೆ ಹೇಳು. ಮೊದಲ ಪಂದ್ಯ ಯಾವತ್ತು?"

ಮಾರ್ಚ್ ಕೊನೆಗೆ ಅಂದೆ.